ಬಲಗಡೆ ಸ್ತನದ ಸರ್ಜರಿ, ಮನೆಯಲ್ಲಿ 11 ಕೆಜಿ ಮಗು. ಎತ್ತದೆ ನೋಡಿಕೊಳ್ಳೋದು ಹೇಗೆ?

ಎತ್ಕೋ_ಅಮ್ಮ

ಇನ್ನು 12 ದಿನಕ್ಕೆ ಬಲಗಡೆ ಎಂಆರ್‌ಎಂ ಇದೆ. ಸ್ತನ ಪೂರ್ತಿ, ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೀತಾರೆ. ರೀಕನ್‌ಸ್ಟ್ರಕ್ಷನ್ (ಸ್ತನ ಮರುರಚನೆ) ಈಗ ಇಲ್ಲ. ಆಮೇಲೆ ಕೀಮೋ, ರೇಡಿಯೇಷನ್ ಎರಡೂ ಇರಬಹುದು ಅಂದಿದ್ದಾರೆ. ಮಗನಿಗೆ 1 ವರ್ಷ 9 ತಿಂಗಳು, 11 ಕೆಜಿ. ನನಗೆ ಬಲಗೈಯೇ ರೂಢಿ.

"ಭಾರ ಎತ್ತಬೇಡಿ" ಅಂತ ಡಾಕ್ಟರ್ ಹೇಳಿದರು, ಸರಿ. ಆದರೆ ಈ ಭಾರ ತಾನೇ ಓಡಿ ಬಂದು, ಎರಡೂ ಕೈ ಮೇಲೆ ಮಾಡಿ "ಎತ್ಕೋ" ಅನ್ನುತ್ತೆ. ಆಗ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಕೇಳಬೇಕಾಗಿರೋದು ಇಷ್ಟು: ನಿಜವಾಗಿ ಎಷ್ಟು ವಾರ ಎತ್ತಬಾರದು? ಡ್ರೇನ್ (ಗಾಯದ ಒಳಗಿನ ನೀರು ಹೊರತೆಗೆಯೋ ಪೈಪ್) ಇಟ್ಟೇ ಮನೆಗೆ ಕಳಿಸ್ತಾರಂತೆ, ಮಗು ಆ ಪೈಪ್ ಹಿಡಿದು ಎಳೆದರೆ? ಡೈಪರ್, ಸ್ನಾನ, ಮಲಗಿಸೋದು ಒಂದು ಕೈಯಲ್ಲಿ ಆಗುತ್ತಾ? ರಾತ್ರಿ ಎರಡು ಸಲ ಇನ್ನೂ ಎದೆಹಾಲು ಕುಡೀತಾನೆ, ಅದನ್ನ ಹೇಗೆ ನಿಲ್ಲಿಸೋದು? ಮೊದಲ ಎರಡು ವಾರ ಯಜಮಾನರು ಮನೇಲಿರ್ತಾರೆ. ಆಮೇಲೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ನಾನೊಬ್ಬಳೇ.

ವಾರ್ಡ್_ಸಿಸ್ಟರ್

ಯಾಕೆ ಎತ್ತಬಾರದು ಅನ್ನೋದು ಗೊತ್ತಾದರೆ ಉಳಿದದ್ದನ್ನ ಅರ್ಧ ನೀವೇ ಲೆಕ್ಕ ಹಾಕ್ತೀರಿ. ಸ್ತನ ತೆಗೆದ ಮೇಲೆ ಚರ್ಮದ ಪದರಕ್ಕೂ ಅದರಡಿಯ ಎದೆಯ ಸ್ನಾಯುವಿಗೂ ನಡುವೆ ಒಂದು ಖಾಲಿ ಜಾಗ ಉಳಿಯುತ್ತೆ. ಅವೆರಡೂ ಒಂದಕ್ಕೊಂದು ಅಂಟಿಕೊಂಡರೇ ವಾಸಿ ಆದ ಹಾಗೆ. ಡ್ರೇನ್ ಒಳಗಿನ ನೀರನ್ನ ಹೀರಿ ಚರ್ಮವನ್ನ ಕೆಳಕ್ಕೆ ಎಳೆದು ಹಿಡಿದಿರುತ್ತೆ. ತೋಳಿಗೆ ಭಾರ ಬಿದ್ದಾಗ ಸ್ನಾಯು ಬಿಗಿಯುತ್ತೆ, ಪದರ ಜಾರುತ್ತೆ, ಅಂಟುತ್ತಿದ್ದದ್ದು ಬಿಡುತ್ತೆ, ನೀರು ಮತ್ತೆ ತುಂಬುತ್ತೆ. ಇದೇ ಸೆರೋಮಾ. ಡ್ರೇನ್ ತೆಗೆದ ಮೇಲೆ ಹೀಗಾದರೆ ಎದೆ ಅಥವಾ ಕಂಕುಳು ಉಬ್ಬಿ, ಮುಟ್ಟಿದರೆ ನೀರಿನ ಚೀಲದ ಹಾಗೆ ಅಲುಗಾಡುತ್ತೆ. ಸೂಜಿ ಹಾಕಿ ತೆಗೆಸಬೇಕಾಗಬಹುದು.

ಎತ್ತೋ ಮಿತಿಯನ್ನ ಸಾಮಾನ್ಯವಾಗಿ ಶುರುವಿಗೆ 2ರಿಂದ 2.5 ಕೆಜಿ ಅಂತ ಇಡ್ತಾರೆ, 4ರಿಂದ 6 ವಾರದವರೆಗೆ. ನಿಖರವಾದ ದಿನ ನಿಮ್ಮ ಸರ್ಜನ್ನೇ ಹೇಳಬೇಕು. ಹೇಗೆ ನೋಡಿದರೂ 11 ಕೆಜಿ ಆ ಲೆಕ್ಕದಿಂದ ಬಹಳ ದೂರ. ಇದನ್ನ ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಬರೀ ಗಂಟು ತೆಗೆದಿದ್ದರೆ ಅವಧಿ ಇದಕ್ಕಿಂತ ಕಡಿಮೆ. ಹೊಟ್ಟೆಯ ಭಾಗ ತೆಗೆದು ಸ್ತನ ಮರುರಚನೆ ಮಾಡಿದ್ದರೆ ಹೊಟ್ಟೆಯಲ್ಲೂ ಹೊಲಿಗೆ ಇರುತ್ತೆ, ಅಲ್ಲಿ ಅವಧಿ ಇನ್ನೂ ಜಾಸ್ತಿ.

ಈಗ ಡ್ರೇನ್. ಮಗು ಇರುವ ಮನೆಯಲ್ಲಿ ಇದೇ ದೊಡ್ಡ ವಿಷಯ. ನಿಮಗೆ ಬಹುಶಃ ಒಂದು ಅಥವಾ ಎರಡು ಪೈಪ್ ಇರುತ್ತೆ. ಎರಡಿದ್ದರೆ 1, 2 ಅಂತ ಟೇಪ್ ಮೇಲೆ ಬರೆದಿಡಿ, ಎರಡರ ಅಳತೆಯನ್ನೂ ಬೇರೆ ಬೇರೆ ಬರೀಬೇಕು.

ಪೈಪನ್ನ ಉಜ್ಜಿ ಇಳಿಸೋ ರೀತಿಯನ್ನ ಡಿಸ್ಚಾರ್ಜ್‌ಗೆ ಮೊದಲೇ ನಿಮ್ಮ ಯಜಮಾನರ ಕೈಯಲ್ಲಿ ಒಂದು ಸಲ ಮಾಡಿಸಿ ನೋಡಿ. ಕೈ ತೊಳೆದು, ಚರ್ಮದಿಂದ ಪೈಪ್ ಹೊರಬರುವ ಜಾಗದ ಪಕ್ಕದಲ್ಲೇ ಒಂದು ಕೈಯ ಎರಡು ಬೆರಳಿಂದ ಗಟ್ಟಿಯಾಗಿ ಹಿಡೀಬೇಕು. ಈ ಕೈ ಅಲ್ಲಾಡಬಾರದು, ಅಲ್ಲಾಡಿದರೆ ಎಳೆತ ನೇರ ಹೊಲಿಗೆಗೆ ಹೋಗುತ್ತೆ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಲ್ಲಿ ಪೈಪನ್ನ ಒತ್ತಿ ಹಿಡಿದು ಬಲ್ಬ್ (ಪೈಪಿನ ತುದಿಯಲ್ಲಿ ನೀರು ಸೇರೋ, ಹಿಂಡಬಹುದಾದ ಉಂಡೆ) ಕಡೆಗೆ ನಿಧಾನ ಜಾರಿಸಿ. ಬೆರಳು ಜಾರದಿದ್ದರೆ ಸ್ಪಿರಿಟ್ ಹಾಕಿದ ಹತ್ತಿಯಿಂದ ಹಿಡಿದು ಜಾರಿಸಿ. ದಾರದ ಹಾಗೆ ಕಪ್ಪು ಕೆಂಪು ರಕ್ತದ ಗಡ್ಡೆ ಇಳಿಯೋದು ಕಾಣುತ್ತೆ, ಹೆದರಬೇಡಿ, ಅದು ಇಳಿಯಲೇಬೇಕು. ಆಮೇಲೆ ಬಿರಡೆ ತೆಗೆದು ಅಳತೆ ಕಪ್ಪಿಗೆ ಸುರಿದು, ಬಲ್ಬನ್ನ ಅಂಗೈಯಲ್ಲಿ ಪೂರ್ತಿ ಹಿಂಡಿ, ಹಿಂಡಿದ ಹಾಗೇ ಇಟ್ಟುಕೊಂಡು ಬಿರಡೆ ಹಾಕಿ. ಬಿರಡೆ ಹಾಕಿದ ಮೇಲೆ ಹಿಂಡಿದರೆ ಪ್ರಯೋಜನ ಇಲ್ಲ, ಹೀರುವ ಶಕ್ತಿ ಬರಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನಡುವೆ ಅರ್ಧ ತುಂಬಿದರೆ ಆಗಲೂ. ಕೆಲವು ಕಡೆ ಬಲ್ಬ್ ಬದಲು ಗಟ್ಟಿ ವ್ಯಾಕ್ಯೂಮ್ ಬಾಟಲಿ ಕೊಡ್ತಾರೆ. ಅದನ್ನ ಮನೇಲಿ ಖಾಲಿ ಮಾಡೋ ಹಾಗಿಲ್ಲ, ಬಾಟಲಿಯನ್ನೇ ಬದಲಾಯಿಸ್ತಾರೆ.

ನೀರಿನ ಬಣ್ಣ ಕೆಂಪಿನಿಂದ ಗುಲಾಬಿಗೆ, ಅಲ್ಲಿಂದ ತಿಳಿ ಹಳದಿಗೆ ಬರಬೇಕು. 24 ಗಂಟೆಗೆ 30 ಮಿಲಿಗಿಂತ ಕಡಿಮೆ, ಅದೂ ಸಾಮಾನ್ಯವಾಗಿ ಎರಡು ದಿನ ಸತತ ಬಂದರೆ ತೆಗೀತಾರೆ. ಒಂದು ವಾರಕ್ಕೂ ಆಗಬಹುದು, ಮೂರು ವಾರವೂ ಹಿಡೀಬಹುದು.

ಮಗು ಎಳೆಯದ ಹಾಗೆ: ಪೈಪ್ ಹೊರಗೆ ಕಾಣಲೇಬಾರದು. ಚರ್ಮದಿಂದ ಹೊರಬಂದ ಮೇಲೆ ಒಂದು ಸಣ್ಣ ಸುತ್ತು ಮಾಡಿ ಹೊಟ್ಟೆಯ ಮೇಲೆ ಟೇಪ್ ಹಾಕಿ. ಎಳೆದರೂ ಮೊದಲು ಟೇಪ್ ಕಿತ್ತುಬರುತ್ತೆ, ಹೊಲಿಗೆಗೆ ತಾಗಲ್ಲ. ಬಲ್ಬನ್ನ ಸಡಿಲ ಅಂಗಿಯ ಒಳಗಡೆ ಸೊಂಟದ ಹತ್ತಿರ ಹೊಲಿದ ಜೇಬಲ್ಲಿ, ಇಲ್ಲವೇ ಸೊಂಟಕ್ಕೆ ಕಟ್ಟೋ ಬಟ್ಟೆಯ ಚೀಲದಲ್ಲಿ ಇಡಿ. ಯಾವಾಗಲೂ ಗಾಯಕ್ಕಿಂತ ಕೆಳಗಿರಬೇಕು. ಸೇಫ್ಟಿ ಪಿನ್ ಈ ಮನೆಗೆ ಬೇಡ. ಬಿಚ್ಚಿಕೊಂಡು ಬಿದ್ದರೆ ನೇರ ಮಗುವಿನ ಬಾಯಿಗೆ ಹೋಗುತ್ತೆ. ಪ್ಯಾಂಟಿಗೆ ಸಿಕ್ಕಿಸೋದಂತೂ ಬೇಡವೇ ಬೇಡ. ಬಾತ್‌ರೂಮಿಗೆ ಹೋದಾಗ ಮರೆತು ಪ್ಯಾಂಟ್ ಇಳಿಸ್ತೀರಿ, ಪೈಪೂ ಜೊತೆಗೆ ಬರುತ್ತೆ. ಮಗು ಎಳೆಯೋದಕ್ಕಿಂತ ಇದೇ ಹೆಚ್ಚು.

ಇಷ್ಟಾಗಿಯೂ ಪೈಪ್ ಕಿತ್ತು ಬಂದರೆ ವಾಪಸ್ ತಳ್ಳಬೇಡಿ. ಶುದ್ಧವಾದ ಗಾಜ್ ಒತ್ತಿ ಹಿಡಿದು ಆಸ್ಪತ್ರೆಗೆ ಫೋನ್ ಮಾಡಿ. ಪೈಪ್ ಚರ್ಮದಲ್ಲೇ ಇದ್ದು, ಬಲ್ಬಿನ ಜೋಡಣೆ ಮಾತ್ರ ಬಿಚ್ಚಿಕೊಂಡಿದ್ದರೆ ಚರ್ಮದ ಕಡೆಯ ತುದಿಯನ್ನ ಮಡಚಿ ಹಿಡಿದು ಫೋನ್ ಮಾಡಿ. ಹಿಂಡಿದ ತಕ್ಷಣ ಬಲ್ಬ್ ಮತ್ತೆ ಗಾಳಿ ತುಂಬಿಕೊಂಡರೆ ಎಲ್ಲೋ ಸೋರಿಕೆ ಇದೆ: ಬಿರಡೆ, ಜೋಡಣೆ, ಅಥವಾ ಪೈಪಿನ ತೂತು ಚರ್ಮದಿಂದ ಆಚೆ ಜಾರಿದೆ. ನಿನ್ನೆ 60 ಮಿಲಿ ಬಂದಿದ್ದು ಇವತ್ತು ಸೊನ್ನೆ, ಡ್ರೆಸ್ಸಿಂಗ್ ಮಾತ್ರ ಒದ್ದೆ ಅಂದರೆ ಪೈಪಿನ ಒಳಗೆ ರಕ್ತದ ಗಡ್ಡೆ ಕಟ್ಟಿರಬಹುದು. ಅದನ್ನ ಗುಣ ಆಗ್ತಿದೆ ಅಂತ ಓದಿಕೊಳ್ಳಬೇಡಿ.

ಹಸಿರು_ಕೊಡೆ

ಸರ್ಜರಿ ಬಲಗಡೆ ತಾನೆ? ಎಡಗಡೆ ಸೊಂಟದ ಮೇಲೆ ಕೂರಿಸಿಕೊಂಡರೆ ತೊಂದರೆ ಇಲ್ಲ ಅನ್ಸುತ್ತೆ. ಬಲಗೈ ಮುಟ್ಟದಿದ್ದರೆ ಆಯ್ತು.

ಭುಜಬಲ_ಫಿಸಿಯೋ

ಹಸಿರು_ಕೊಡೆ ಅವರೇ, ಕೇಳಲು ಸರಿ ಅನಿಸುತ್ತದೆ, ಆದರೆ ಹಾಗಲ್ಲ. ಎಡ ಸೊಂಟದ ಮೇಲೆ 11 ಕೆಜಿ ಕೂತರೆ ಸಮತೋಲನಕ್ಕೆ ಮೈ ಬಲಕ್ಕೆ ವಾಲುತ್ತದೆ, ಬಲಭುಜ ಬಿಗಿಯುತ್ತದೆ. ಅದಕ್ಕಿಂತ ಮುಖ್ಯ, ಮಗು ಸುಮ್ಮನೆ ಕೂರುವ ಮೂಟೆಯಲ್ಲ. ಅದು ಹಿಂದಕ್ಕೆ ಬಾಗಿದ ಕ್ಷಣ ಬಲಗೈ ತಾನಾಗಿ ಮುಂದೆ ಹೋಗಿ ಹಿಡಿಯುತ್ತದೆ. ಯೋಚಿಸಿ ತಡೆಯುವಷ್ಟು ಸಮಯವೇ ಇರುವುದಿಲ್ಲ. ಆ ಒಂದು ಎಳೆತ ಸಾಕು. ಸಾಲದ್ದಕ್ಕೆ ಎಡ ಸೊಂಟದ ಮೇಲಿನ ಮಗುವಿನ ಕೈ ಸಿಗುವುದು ಸರಿಯಾಗಿ ಬಲ ಎದೆಗೆ.

ಎತ್ತುವುದರ ಬದಲು ಹತ್ತಿಸಿಕೊಳ್ಳಿ. 21 ತಿಂಗಳಿನ ಮಗು ಹತ್ತುವುದರಲ್ಲಿ ನಮಗಿಂತ ಚುರುಕು, ದಾರಿ ಇದ್ದರೆ ಸಾಕು. ಸೋಫಾದ ಮುಂದೆ 15ರಿಂದ 20 ಸೆಂಟಿಮೀಟರ್ ಎತ್ತರದ, ಅಲುಗಾಡದ ಮೆಟ್ಟಿಲು ಇಡಿ. ನೀವು ಮೊದಲು ಕೂತು, ಬೆನ್ನಿಗೆ ಆಸರೆ ಕೊಟ್ಟು, ಎದೆಯಿಂದ ಹೊಟ್ಟೆಯವರೆಗೆ ಬರುವ ಹಾಗೆ ಒಂದು ದಿಂಬು ಅಡ್ಡ ಇಟ್ಟುಕೊಳ್ಳಿ. ಆಮೇಲೆ ಎಡಗಡೆ ತಟ್ಟಿ "ಇಲ್ಲಿಗೆ ಬಾ" ಅನ್ನಿ. ಅವನು ಹತ್ತಿ ಪಕ್ಕ ಕೂರಲಿ, ಎಡಗೈಯಿಂದ ಬಳಸಿಕೊಳ್ಳಿ. ಅಪ್ಪುಗೆ ಪೂರ್ತಿ ಸಿಗುತ್ತದೆ, ಭಾರ ಸೋಫಾದ ಮೇಲೆ. ಕ್ರಮ ತಪ್ಪಬಾರದು: ಮೊದಲು ನೀವು, ನಂತರ ದಿಂಬು, ಕೊನೆಗೆ ಮಗು. ಮಗು ಮೊದಲು ಹತ್ತಿದ್ದರೆ ನೀವು ಕೂರುವಾಗ ಅದು ಮೈಮೇಲೆ ಬೀಳುತ್ತದೆ.

ಅವನು ನಿಂತು "ಎತ್ಕೋ" ಅಂದಾಗ ನೀವೂ ನಿಂತೇ "ಇಲ್ಲ" ಅನ್ನುವುದು ಅತಿ ಕೆಟ್ಟ ಉತ್ತರ. ತಕ್ಷಣ ಹತ್ತಿರದ ಸೋಫಾಕ್ಕೋ ಸ್ಟೂಲಿಗೋ ಕೂತುಬಿಡಿ. ಅವನಿಗೆ ಬೇಕಿರುವುದು ನಿಮ್ಮ ಮುಖದ ಮಟ್ಟ.

ಡೈಪರಿಗೆ ಪ್ಯಾಂಟ್ ಮಾದರಿಯದ್ದನ್ನೇ ತನ್ನಿ. ಅವನು ಸೋಫಾದ ಅಂಚು ಹಿಡಿದು ನಿಂತಿರಲಿ, ನೀವು ತಗ್ಗು ಸ್ಟೂಲ್ ಮೇಲೆ ಕೂತು ಎಡಗೈಯಲ್ಲಿ ಎರಡೂ ಬದಿ ಹರಿದು ತೆಗೆಯಿರಿ. ಮಲಗಿಸಲೇಬೇಕಾದರೆ ನೆಲದ ಹಾಸಿಗೆ ಮೇಲೆ. ಆಗ ಅವನ ಕಾಲ ಕಡೆ ಕೂರಬೇಡಿ, ಒದೆ ನೇರ ಎದೆಗೇ ಬೀಳುತ್ತದೆ. ಪಕ್ಕದಲ್ಲಿ, ಅವನ ಸೊಂಟದ ನೇರಕ್ಕೆ ಕೂರಿ. ಸ್ನಾನ ಸರ್ಜನ್ ಒಪ್ಪುವವರೆಗೆ ಪೂರ್ತಿ ಬೇರೆಯವರ ಪಾಲು. ಸೋಪು ಹಚ್ಚಿದ ಮಗು ಜಾರಿದರೆ ಹಿಡಿಯದೆ ಬಿಡಲು ಯಾರಿಂದಲೂ ಆಗದು. ಹಗಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು 12 ದಿನ ಇದೆಯಲ್ಲ, ಒಂದು ಇಡೀ ದಿನ ಬಲಗೈಯನ್ನು ಜೇಬಿನಲ್ಲಿಟ್ಟು ಮನೆಕೆಲಸ ಮಾಡಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅದೇ ನಿಮ್ಮ ಪಟ್ಟಿ. ಬಹಳ ಜನ ಗಮನಿಸದೇ ಬಿಡುವುದು ಬಾಗಿಲಿನ ಮೇಲಿನ ಚಿಲಕ. ಕೈ ಭುಜಕ್ಕಿಂತ ಮೇಲೆ ಹೋಗದಿರುವಾಗ ಅದು ಎಟುಕುವುದಿಲ್ಲ. ಕೆಳಗಿನ ಚಿಲಕ ಮಾತ್ರ ಹಾಕಿದರೆ ಮಗುವೇ ತೆಗೆಯುತ್ತದೆ, ಅಥವಾ ಒಳಗಿಂದ ಹಾಕಿಕೊಂಡುಬಿಡುತ್ತದೆ. ಸೊಂಟದ ಎತ್ತರಕ್ಕೆ, ಮಗುವಿಗೆ ತೆಗೆಯಲು ಬಾರದ ಒಂದು ಲಾಕ್ ಈಗಲೇ ಹಾಕಿಸಿ. ದಿನಬಳಕೆಯ ಡಬ್ಬಿ, ಬಟ್ಟೆಯನ್ನು ಮೇಲಿನ ಶೆಲ್ಫಿನಿಂದ ಇಳಿಸಿ. ನೆಲದಿಂದ ಏಳುವುದನ್ನೂ ಅಭ್ಯಾಸ ಮಾಡಿ: ಎಡಕ್ಕೆ ತಿರುಗಿ ಮಂಡಿಯೂರಿ, ಎಡಗೈಯನ್ನು ಸೋಫಾದ ಮೇಲೆ ಊರಿ, ಒಂದು ಪಾದ ಮುಂದಿಟ್ಟು ಎದ್ದೇಳಬೇಕು. ಬಲಗೈ ಊರಬಾರದು.

ಒಂದು ಎಚ್ಚರಿಕೆ. ಎತ್ತಬಾರದು ಅಂದರೆ ಕೈ ಆಡಿಸಬಾರದು ಎಂದಲ್ಲ. ಕೈಯನ್ನು ಎದೆಗೆ ಒತ್ತಿಟ್ಟುಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ, ಮುಂದೆ ರೇಡಿಯೇಷನ್‌ಗೆ ಕೈಯನ್ನು ತಲೆಯ ಮೇಲೆ ಎತ್ತಿ ಮಲಗಲು ಆಗುವುದಿಲ್ಲ. ಸರ್ಜರಿಯ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚಿ ಚಾಚುವುದು, ಭುಜ ಮೇಲೆ ಕೆಳಗೆ ಮಾಡುವುದು, ತಲಾ 10 ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಡ್ರೇನ್ ಇರುವವರೆಗೆ ಭುಜದ ಮಟ್ಟ ದಾಟಿಸಬೇಡಿ. ಡ್ರೇನ್ ತೆಗೆದು ಸರ್ಜನ್ ಒಪ್ಪಿದ ಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ಮೇಲೆ ಹೋಗುವುದು. ಇದನ್ನು ಮಗುವಿನ ಜೊತೆ ಆಟವಾಗಿಯೇ ಮಾಡಬಹುದು, ಅವನ ಬೆರಳು ಕೆಳಗೆ, ನಿಮ್ಮದು ಮೇಲೆ. ಕೆಲವು ವಾರದ ನಂತರ ಕಂಕುಳಿನಿಂದ ಮೊಣಕೈ ಕಡೆಗೆ ಚರ್ಮದಡಿ ತಂತಿಯಂತೆ ಬಿಗಿಯುವುದುಂಟು. ಅಪಾಯವಲ್ಲ, ಆದರೆ ಅದಕ್ಕೆ ಹೆದರಿ ಕೈ ಆಡಿಸುವುದು ನಿಲ್ಲಿಸಿದರೆ ಹೆಚ್ಚುತ್ತದೆ. ಫಿಸಿಯೋಗೆ ತೋರಿಸಿ.

ಹಸಿರು_ಕೊಡೆ

ಸರಿ, ನನ್ನ ಮಾತು ವಾಪಸ್. ಮೂಟೆ ಅಂದುಕೊಂಡೇ ಹೇಳಿದ್ದೆ 🙂

ಹಾಲುಗಲ್ಲ

ಹಾಲಿನ ವಿಷಯ ನನಗಿರಲಿ. 12 ದಿನ ಇರೋದು ಒಳ್ಳೆಯದೇ ಆಯ್ತು, ಆದರೆ ಇವತ್ತೇ ಶುರು ಮಾಡಬೇಕು. ಒಂದೇ ಸಲ ನಿಲ್ಲಿಸಿದರೆ ಎದೆ ಕಲ್ಲಾಗುತ್ತೆ, ಜ್ವರ ಬರಬಹುದು, ಸರ್ಜರಿ ದಿನಾಂಕವೇ ಮುಂದಕ್ಕೆ ಹೋಗಬಹುದು. ಹಾಲು ತುಂಬಿರೋ ಸ್ತನಕ್ಕೆ ರಕ್ತಸಂಚಾರವೂ ಹೆಚ್ಚು, ಆಪರೇಷನ್ ಮಾಡೋರಿಗೂ ಕಷ್ಟ.

ಮೊದಲು ಬಲಗಡೆ ಕೊಡೋದು ನಿಲ್ಲಿಸಿ, ಎರಡು ಸಲವೂ ಎಡಗಡೆಯೇ. ಬಲಗಡೆ ಬಿಗಿ ಅನ್ನಿಸಿದರೆ ಬಿಗಿ ಸಡಿಲವಾಗುವಷ್ಟು ಮಾತ್ರ ಕೈಯಲ್ಲಿ ಹಿಂಡಿ, ಖಾಲಿ ಮಾಡಬೇಡಿ. ಖಾಲಿ ಮಾಡಿದಷ್ಟೂ ಹಾಲು ಬರುತ್ತೆ. ತಣ್ಣೀರ ಬಟ್ಟೆ ಇಡಿ, ಬಿಗಿಯಾಗಿ ಕಟ್ಟಬೇಡಿ. ನಾಲ್ಕೈದು ದಿನ ಆದಮೇಲೆ ಮೊದಲ ರಾತ್ರಿ ಫೀಡ್ ಬಿಡಿಸಿ, ಅದಾಗಿ ನಾಲ್ಕು ದಿನಕ್ಕೆ ಎರಡನೇದು. ರಾತ್ರಿ ಎದ್ದಾಗ ಎತ್ತಿ ಸಮಾಧಾನ ಮಾಡೋರು ಅಪ್ಪ ಆಗಿರಲಿ, ಯಾಕಂದ್ರೆ ನೀವು ಪಕ್ಕ ಬಂದ ಕೂಡಲೇ ವಾಸನೆಗೇ ಹಾಲು ಬೇಕು ಅನ್ಸುತ್ತೆ. ಸರ್ಜರಿ ಆದ ಮೇಲೂ ರಾತ್ರಿ ಹೇಗಿದ್ರೂ ಅಪ್ಪನೇ ಮಲಗಿಸಬೇಕು, ಇದು ಅದರ ತಾಲೀಮೂ ಹೌದು.

ಎಡಗಡೆ ಮುಂದುವರಿಸಬಹುದಾ ಅಂತ ಕೇಳಿದರೆ, ಬರೀ ಸರ್ಜರಿಗೆ ಅಡ್ಡಿ ಇಲ್ಲ. ಅರಿವಳಿಕೆ ಪೂರ್ತಿ ಇಳಿದು ಎಚ್ಚರ ಆದ ಮೇಲೆ ಕೊಡಬಹುದು. ಪ್ಯಾರಸಿಟಮಾಲ್, ಐಬುಪ್ರೊಫೇನ್ ಹಾಲೂಡಿಸುವವರಿಗೆ ಸಾಮಾನ್ಯವಾಗಿ ಸರಿಹೋಗುತ್ತೆ. ಟ್ರಮಡಾಲ್, ಕೊಡೀನ್ ಹಾಲೂಡಿಸುವವರಿಗೆ ಬೇಡ, ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿಡಿ. ಆದರೆ ನಿಮಗೆ ಕೀಮೋ ಬರೋ ಸಾಧ್ಯತೆ ಇದೆ ಅಂದಿದ್ದೀರಿ. ಕೀಮೋದಲ್ಲಿ ಹಾಲು ಕೊಡೋ ಹಾಗಿಲ್ಲ. ಈಗ ನಿಧಾನವಾಗಿ ಬಿಡಿಸೋದು, ಆಗ ಗಡಿಬಿಡಿಯಲ್ಲಿ ಬಿಡಿಸೋದಕ್ಕಿಂತ ಸಾವಿರ ಪಾಲು ವಾಸಿ.

ಇನ್ನೊಂದು. ಹಾಲು ಬಿಟ್ಟ ಮಕ್ಕಳು ಅಭ್ಯಾಸಬಲದಿಂದ ಅಮ್ಮನ ಅಂಗಿಯೊಳಗೆ ಕೈ ಹಾಕುತ್ತವೆ, ನಿದ್ದೆಗಣ್ಣಲ್ಲಂತೂ ಗ್ಯಾರಂಟಿ. ಡ್ರೆಸ್ಸಿಂಗ್ ಇರೋದು ಅಲ್ಲೇ. ಕುತ್ತಿಗೆ ಮುಚ್ಚುವ, ಮುಂದೆ ಗುಂಡಿ ಇರುವ ಅಂಗಿ ಹಾಕಿ, ತಲೆ ಮೇಲಿಂದ ತೊಡೋದು ಹೇಗೂ ಆಗಲ್ಲ. ಕೈಗೆ ಹಿಡಿಯೋಕೆ ಒಂದು ಮೆತ್ತನೆ ಬಟ್ಟೆ ಕೊಟ್ಟು ಈಗಿಂದಲೇ ರೂಢಿ ಮಾಡಿಸಿ. ಹೇಳೋ ಮಾತು ಎರಡೇ, ಮನೆಯವರೆಲ್ಲ ಅದನ್ನೇ ಹೇಳಬೇಕು: "ಇಲ್ಲಿ ಅಮ್ಮನಿಗೆ ಗಾಯ. ನೀನು ಇಲ್ಲಿ ಕೂತ್ಕೋ." ಬರೀ ಮುಟ್ಟಬೇಡ ಅಂದರೆ ಎಲ್ಲಿ ಮುಟ್ಟಬೇಕು ಅಂತ ಅವನಿಗೆ ಗೊತ್ತಾಗಲ್ಲ, ಮುಟ್ಟಿ ಮುಟ್ಟಿ ಪರೀಕ್ಷೆ ಮಾಡ್ತಾನೆ.

ಎತ್ಕೋ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಲಕದ ವಿಷಯ ಹೊಳೆದೇ ಇರಲಿಲ್ಲ, ನಮ್ಮದು ಎಲ್ಲಾ ಮೇಲೇ ಇದೆ. ಎರಡು ಪ್ರಶ್ನೆ ಉಳೀತು. ಎರಡು ವಾರದ ನಂತರ ಒಬ್ಬಳೇ ಇರಬಹುದಾ ಅಂತ ಯಾರೂ ಹೇಳಲಿಲ್ಲ. ಮತ್ತೆ ಅವನ ಮಂಚದ ಕಟಕಟೆ ಇಳಿಸೋ ಥರದ್ದಲ್ಲ, ಎತ್ತಿಯೇ ಒಳಗೆ ಹಾಕಬೇಕು.

ವಾರ್ಡ್_ಸಿಸ್ಟರ್

ಒಬ್ಬರೇ ಇರೋದು ಬೇಡ. 14ನೇ ದಿನಕ್ಕೆ ಡ್ರೇನ್ ಇನ್ನೂ ಇರಬಹುದು. ಡ್ರೇನ್ ಇಟ್ಟುಕೊಂಡು ಈ ವಯಸ್ಸಿನ ಮಗುವಿನ ಜೊತೆ 9 ಗಂಟೆ ಅನ್ನೋದು ಧೈರ್ಯದ ಪ್ರಶ್ನೆ ಅಲ್ಲ, ಲೆಕ್ಕವೇ ಕೂಡಲ್ಲ. ನಾಲ್ಕು ವಾರದವರೆಗಾದರೂ ಹಗಲು ಒಬ್ಬರು ಬೇಕು. ಇಡೀ ದಿನ ಯಾರೂ ಸಿಗದಿದ್ದರೆ ಇದ್ದ ಗಂಟೆಗಳನ್ನ ಸರಿಯಾದ ಕಡೆ ಹಾಕಿ: ಮಧ್ಯಾಹ್ನ ಊಟ ಮಾಡಿಸಿ ಮಲಗಿಸೋ ಹೊತ್ತು, ಮತ್ತೆ ನಿದ್ದೆಯಿಂದ ಎದ್ದ ಮೇಲಿನ ಒಂದು ಗಂಟೆ. ಹೆಚ್ಚು "ಎತ್ಕೋ" ಬರೋದು ಆಗಲೇ. ಉಳಿದ ಹೊತ್ತಿಗೆ ಗೇಟ್ ಹಾಕಿದ ಒಂದೇ ಕೋಣೆ, ಅದರಲ್ಲಿ ಹತ್ತಿ ಬೀಳುವಂಥದ್ದು ಏನೂ ಇರಬಾರದು. ಫೋನ್ ಸದಾ ಮೈಮೇಲೇ ಇರಲಿ. ಮತ್ತು ಬರಿ ಗಾಯದ ನೋವಿನ ಲೆಕ್ಕ ಇಟ್ಟುಕೊಂಡು "ನನಗೀಗ ಆರಾಮಿದೆ" ಅಂತ ಸಹಾಯದವರನ್ನ ಬೇಗ ಕಳಿಸಬೇಡಿ, ನೋವು ಕಡಿಮೆಯಾಗೋದು ಪದರ ಅಂಟೋದಕ್ಕಿಂತ ಮೊದಲೇ.

ಮರಗಟ್ಟೋದರ ಬಗ್ಗೆಯೂ ಗೊತ್ತಿರಲಿ. ಕಂಕುಳಿನ ಸರ್ಜರಿಯಲ್ಲಿ ರಟ್ಟೆಯ ಒಳಭಾಗಕ್ಕೆ ಸ್ಪರ್ಶ ಕೊಡೋ ನರಕ್ಕೆ ಪೆಟ್ಟಾಗೋದು ಸಾಮಾನ್ಯ, ಅಲ್ಲಿ ಬಿಸಿ ತಣ್ಣಗೆ ಗೊತ್ತಾಗಲ್ಲ. ಮಗುವಿನ ನೀರಿನ ಬಿಸಿಯನ್ನ ಆ ತೋಳಲ್ಲಿ ನೋಡಬೇಡಿ. ಅವನು ಅಲ್ಲಿ ಪರಚಿದರೂ ಕಚ್ಚಿದರೂ ನಿಮಗೆ ತಿಳಿಯಲ್ಲ, ರಾತ್ರಿ ಒಮ್ಮೆ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಗ್ರಂಥಿ ತೆಗೆದ ಕೈಗೆ ಸಣ್ಣ ಗಾಯವೂ ಬೇಗ ಸೋಂಕಾಗಿ ಕೈ ಊದಬಹುದು. ಸೋಪಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಅವನ ಉಗುರು ಎರಡು ಮೂರು ದಿನಕ್ಕೊಮ್ಮೆ ಕತ್ತರಿಸುತ್ತಿರಿ.

ನೋವಿನ ಮಾತ್ರೆ ದಿಂಬಿನ ಕೆಳಗೆ, ಬ್ಯಾಗಿನಲ್ಲಿ ಇಡಬೇಡಿ. ಟ್ರಮಡಾಲ್ ಥರದ್ದು ಒಂದೆರಡು ನುಂಗಿದರೂ ಇಷ್ಟು ಸಣ್ಣ ಮಗುವಿನ ಉಸಿರಿಗೆ ಅಪಾಯ. ಬೀಗ ಇರುವ ಡ್ರಾಯರ್, ಅದೂ ನಿಮಗೆ ಎಡಗೈಗೆ ಎಟುಕುವಂಥದ್ದು. ಮಂಪರು ಬರಿಸೋ ಮಾತ್ರೆ ತಗೊಂಡ ರಾತ್ರಿ ಮಗು ನಿಮ್ಮ ಹಾಸಿಗೆಯಲ್ಲಿ ಮಲಗೋದು ಬೇಡ.

ಫೋನ್ ಮಾಡಲು ಕಾಯಬಾರದ್ದು: 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹರಡುತ್ತಿರೋ ಕೆಂಪು, ಕೀವು ಅಥವಾ ಕೆಟ್ಟ ವಾಸನೆ, ಎದೆ ಒಂದೇ ಸಮನೆ ಊದಿಕೊಳ್ಳೋದು, ಬಲ್ಬ್ ಪದೇ ಪದೇ ಕೆಂಪು ರಕ್ತದಿಂದ ತುಂಬೋದು. ಉಸಿರಾಟಕ್ಕೆ ಕಷ್ಟ, ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ ಫೋನ್ ಮಾಡ್ತಾ ಕೂರಬೇಡಿ, ಸೀದಾ ಹೋಗಿ.

ಭುಜಬಲ_ಫಿಸಿಯೋ

ಮಂಚದ ವಿಷಯ: ಅದನ್ನು ಸದ್ಯಕ್ಕೆ ಬದಿಗಿಟ್ಟು ನೆಲಕ್ಕೆ ಹಾಸಿಗೆ ಹಾಕಿ, ಆದರೆ ಡಿಸ್ಚಾರ್ಜ್ ದಿನ ಅಲ್ಲ, ಇವತ್ತು ರಾತ್ರಿಯೇ. ಹೊಸ ಜಾಗದ ಹಟ ಮುಗಿಯಲು ಒಂದು ವಾರವಾದರೂ ಹಿಡಿಯುತ್ತದೆ, ಆ ಹಟ ನೀವು ಎತ್ತಬಹುದಾದ ದಿನಗಳಲ್ಲೇ ಮುಗಿಯಲಿ. ಗಟ್ಟಿ ಹಾಸಿಗೆ ಇರಲಿ, ಗೋಡೆಗೂ ಹಾಸಿಗೆಗೂ ನಡುವೆ ಅವನು ಸಿಕ್ಕಿಕೊಳ್ಳುವಂಥ ಸಂದು ಬಿಡಬೇಡಿ. ಅವನು ನಿಮ್ಮ ಎಡಗಡೆ ಬರುವ ಹಾಗೆ ನಿಮಗೊಂದು ತಗ್ಗು ಸ್ಟೂಲ್, ಕೂತೇ ತಟ್ಟಿ ಮಲಗಿಸಲು. ಕೋಣೆಯ ಬಾಗಿಲಿಗೆ ಗೇಟ್ ಬೇಕು, ಕಟಕಟೆ ಇಲ್ಲದ ಮೊದಲ ವಾರ ಬಹಳ ಮಕ್ಕಳು ನಡುರಾತ್ರಿ ಎದ್ದು ತಿರುಗುತ್ತಾರೆ. ಮೆಟ್ಟಿಲನ್ನೂ ಇವತ್ತೇ ಸೋಫಾದ ಮುಂದೆ ಇಟ್ಟುಬಿಡಿ.

ಎತ್ಕೋ_ಅಮ್ಮ

ಮೆಟ್ಟಿಲು ಇಟ್ಟಾಯ್ತು. ಹತ್ತೋದು ಬಂತು, ಈಗ ಇಳಿಯಲ್ಲ ಅಂತಾನೆ.

ಭುಜಬಲ_ಫಿಸಿಯೋ

ಹಿಮ್ಮುಖವಾಗಿ ಇಳಿಯಲು ಕಲಿಸಿ: ಬೋರಲಾಗಿ ಮಲಗಿ, ಕಾಲು ಮೊದಲು ಕೆಳಗೆ ಬಿಟ್ಟು, ಮೆಟ್ಟಿಲು ಸಿಕ್ಕ ಮೇಲೆ ಕೈ ಬಿಡಬೇಕು. ನೀವು ಎಡಗೈಯಿಂದ ಅವನ ಬೆನ್ನ ಮೇಲೆ ಮುಟ್ಟಿದ ಹಾಗೆ ಹಿಡಿದಿದ್ದರೆ ಸಾಕು. ದಿನಕ್ಕೆ ಐದಾರು ಸಲ ಮಾಡಿಸಿದರೆ ಎರಡು ಮೂರು ದಿನಕ್ಕೆ ಬಂದುಬಿಡುತ್ತದೆ.